ಎರಡು ಗೇಟಿನ ನಡುವೆ

ಊರಿಂದ ಬರುವ ಫೋನು "ಗಾಬರಿ ಆಗ್ಬೇಡ" ಅಂತ ಶುರುವಾದರೆ ನಾನು ಮೊದಲು ಗ್ಯಾಸ್ ಆರಿಸಿ, ಆಮೇಲೆ ಕುರ್ಚಿ ಎಳೆದುಕೊಳ್ಳುತ್ತೇನೆ. ಗಾಬರಿಯಾಗುವಂಥದ್ದೇನೂ ಇರುವುದಿಲ್ಲ ಅಂತ ಇಪ್ಪತ್ತೆರಡು ವರ್ಷದ ಬೆಂಗಳೂರುವಾಸದಲ್ಲಿ ಗೊತ್ತಾಗಿದೆ. ಆದರೆ ಮಾತು ಮುಗಿಯಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಹಾಲು ಉಕ್ಕುತ್ತದೆ. ಅಮ್ಮನ ವರದಿ ಮಳೆಯಿಂದ ಹೊರಟು, ಅಡಿಕೆ ತೋಟ ಸುತ್ತಿ, ಕೊಟ್ಟಿಗೆ ಹೊಕ್ಕು, ಕೊನೆಗೆ ಮನುಷ್ಯರ ಬಳಿ ಬರುತ್ತದೆ. ಅಡಿಕೆಗೆ ಕೊಳೆರೋಗ, ಚಿಕ್ಕಪ್ಪನಿಗೆ ಶುಗರ್, ಎಮ್ಮೆಗೆ ಕೆಚ್ಚಲುಬಾವು, ಎಲ್ಲ ಒಂದೇ ಉಸಿರಿನಲ್ಲಿ. "ಔಷಧಿ ಹೊಡೆಸಿದ್ವಿ, ಈಗ ಪರವಾಗಿಲ್ಲ" ಅಂದರೆ ಯಾರಿಗೆ ಅಂತ ನಾನೇ ಹೊಂದಿಸಿಕೊಳ್ಳಬೇಕು.

ಅಜ್ಜನ ಕಾಲದಲ್ಲಿ ಇಷ್ಟು ವಿವರ ಇರಲಿಲ್ಲ. ನೀಲಿ ಇನ್‌ಲ್ಯಾಂಡ್ ಲೆಟರಿನ ನೆತ್ತಿಗೆ ಶ್ರೀ ಬರೆದು, ಕೆಳಗೆ "ಉಭಯ ಕುಶಲೋಪರಿ ಸಾಂಪ್ರತ" ಎಂದರೆ ಆರೋಗ್ಯದ ಅಧ್ಯಾಯ ಮುಗಿಯಿತು. ನೂರಮೂರು ಡಿಗ್ರಿ ಜ್ವರದಲ್ಲಿ ಕಂಬಳಿ ಹೊದ್ದುಕೊಂಡೇ ಅಜ್ಜ ಅದನ್ನು ಬರೆದದ್ದು ನನಗೆ ನೆನಪಿದೆ. ನಿಜವಾದ ಕೆಟ್ಟ ಸುದ್ದಿಗೆ ಟೆಲಿಗ್ರಾಂ ಇತ್ತು. ಅದನ್ನು ಹಿಡಿದ ಅಂಚೆಯವನು ತೋಟದ ಇಳಿಜಾರಿನಲ್ಲಿ ಕಂಡರೆ ಸಾಕು, ಹೆಂಗಸರು ಅಳಲು ಕೂರುತ್ತಿದ್ದರು. ಒಮ್ಮೆ ಹಾಗೆ ಹೊಟ್ಟೆ ತುಂಬ ಅತ್ತು ಆಮೇಲೆ ಬಿಡಿಸಿ ಓದಿದರೆ ಮಾವನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. 2013ರ ಜುಲೈನಲ್ಲಿ ಸರ್ಕಾರ ಟೆಲಿಗ್ರಾಂ ಸೇವೆಯನ್ನೇ ನಿಲ್ಲಿಸಿತು. ನಮ್ಮೂರಿಗೆ ಅದರಿಂದ ಏನೂ ನಷ್ಟವಾಗಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮನ ಕೈಗೆ ಮೊಬೈಲು ಬಂದಾಗಿತ್ತು.

ಈಗ ಕುಟುಂಬದ ವಾಟ್ಸಾಪ್ ಗುಂಪಿದೆ. ಹೆಸರಿಗೆ ಅದು ಶುಭ ಸಮಾರಂಭಗಳ ಗುಂಪು. ನಡೆಯುವುದು ಹೊರರೋಗಿ ವಿಭಾಗ. ಮೊನ್ನೆ ಬೆಳಿಗ್ಗೆ ನಾನು ಮೊಸರವಲಕ್ಕಿ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಭಾವನ ಪಿತ್ತಕೋಶದಿಂದ ತೆಗೆದ ಕಲ್ಲುಗಳ ಫೋಟೊ ಬಂತು. ಬಿಳಿ ತಟ್ಟೆಯಲ್ಲಿ ಸಾಲಾಗಿ ಒಂಬತ್ತು ಕಲ್ಲು, ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲೊಂದು ರೂಪಾಯಿ ನಾಣ್ಯ. ಐದು ನಿಮಿಷದಲ್ಲಿ ಚಿಕ್ಕಪ್ಪ ದರ್ಜೆ ಕಟ್ಟಿದರು: "ಮೂರು ಬೆಟ್ಟೆ, ಉಳಿದದ್ದು ಗೊರಬಲು." ಅಡಿಕೆ ಮಂಡಿಯಲ್ಲಿ ನಲವತ್ತು ವರ್ಷ ಓಡಾಡಿದ ಕಣ್ಣು. ಭಾವನಿಗೂ ಆ ಮಾತಿನಿಂದ ಬೇಜಾರಾದ ಹಾಗೆ ಕಾಣಲಿಲ್ಲ, ಕೈ ಮುಗಿದ ಚಿತ್ರ ಹಾಕಿದರು.

ಶುಗರ್ ವಿಷಯದಲ್ಲಂತೂ ಪೈಪೋಟಿ. ದೊಡ್ಡಮ್ಮ ಬಹಳ ವರ್ಷ ಡಾಕ್ಟರರನ್ನು ಚೆನ್ನಾಗಿ ಆಟ ಆಡಿಸಿದ್ದರು. ಪರೀಕ್ಷೆಗೆ ಎರಡು ದಿನ ಮೊದಲು ಸಿಹಿ ಬಿಡುವುದು, ಗಂಜಿ ಕುಡಿದುಕೊಂಡಿರುವುದು, ರಕ್ತ ಕೊಟ್ಟು ಹೊರಗೆ ಬರುತ್ತಲೇ ಮೈಸೂರುಪಾಕು. ಆಮೇಲೆ ಎಚ್‌ಬಿಎ1ಸಿ ಅಂತ ಬಂತು ನೋಡಿ, ನಮ್ಮವರ ಬಾಯಲ್ಲಿ ಅದು "ಮೂರು ತಿಂಗಳ ಶುಗರ್". ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದಂತೆ, ಅಷ್ಟು ಕಾಲ ರಕ್ತದಲ್ಲಿ ಓಡಾಡಿದ ಸಕ್ಕರೆ ಅದಕ್ಕೆ ಅಂಟಿಕೊಂಡೇ ಇರುತ್ತದಂತೆ. 6.5 ದಾಟಿದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ, ದೊಡ್ಡಮ್ಮನದು 9.2. "ನಾನೇನೂ ತಿಂದಿಲ್ಲ ಡಾಕ್ಟ್ರೇ" ಅಂದರೆ ಅವರು ಕಾಗದ ತಿರುಗಿಸಿ ತೋರಿಸಿದರಂತೆ. ಎಂದೋ ತಿಂದದ್ದನ್ನು ಮೂರು ತಿಂಗಳು ಬಿಟ್ಟು ಎತ್ತಿ ಆಡುವ ಈ ಗುಣ ಮನೆಯಲ್ಲಿ ಸೊಸೆಗೊಬ್ಬಳಿಗೇ ಇರುವುದು ಅಂದುಕೊಂಡಿದ್ದೆ ಅಂತ ದೊಡ್ಡಮ್ಮ ಇವತ್ತಿಗೂ ಹೇಳುತ್ತಾರೆ.

ಇಂಥ ಜಾಲದೊಳಗೆ ಕಳೆದ ತಿಂಗಳು ನನ್ನ ಸ್ಕೂಟರ್ ಪಂಕ್ಚರ್ ಆಯಿತು.

ಪಂಕ್ಚರ್ ಎಲ್ಲಾದರೂ ಆಗಬಹುದಿತ್ತು. ಗಾಂಧಿ ಬಜಾರಿನಲ್ಲಿ ಆಗಿದ್ದರೆ ಒಂದು ದೋಸೆ ತಿಂದು ಬರುತ್ತಿದ್ದೆ. ಆದದ್ದು ಮರಿಗೌಡ ರಸ್ತೆಯಲ್ಲಿ, ಕಿದ್ವಾಯಿ ಆಸ್ಪತ್ರೆಯ ಗೇಟು ಮತ್ತು ನಿಮ್ಹಾನ್ಸ್ ಗೇಟು ಎರಡರ ನಡುವೆ. ಆ ಕಡೆ ನೋಡಿದರೆ ಕ್ಯಾನ್ಸರ್, ಈ ಕಡೆ ನೋಡಿದರೆ ಮೆದುಳು. ಗಾಡಿ ತಳ್ಳಿಕೊಂಡು ಡೈರಿ ಸರ್ಕಲ್ ದಾಟಿ ಬನ್ನೇರುಘಟ್ಟ ರಸ್ತೆ ಹಿಡಿದರೆ ಜಯದೇವ, ಹೃದಯ. ಸುಮ್ಮನೆ ನಿಲ್ಲುವುದಕ್ಕೆ ಆ ರಸ್ತೆಯಲ್ಲಿ ಜಾಗವೇ ಇಲ್ಲ, ಎಲ್ಲಿ ನಿಂತರೂ ಯಾವುದೋ ಒಂದು ಅಂಗದ ಎದುರು ನಿಂತ ಹಾಗೆ. ಪಂಕ್ಚರ್ ಹಾಕುವ ಹುಡುಗ "ಹತ್ತೇ ನಿಮಿಷ ಮೇಡಂ" ಅಂದು ಮುಕ್ಕಾಲು ಗಂಟೆ ಬರಲಿಲ್ಲ. ಬಿಸಿಲಿಗೆ ತಲೆ ಮೇಲೆ ದುಪಟ್ಟಾ ಹೊದ್ದುಕೊಂಡೆ. ಬಸ್ಸೊಂದು ಎಬ್ಬಿಸಿದ ಧೂಳು ಕಣ್ಣಿಗೆ ಬಿತ್ತು, ದುಪಟ್ಟಾದ ತುದಿಯಿಂದ ಒರೆಸಿಕೊಂಡೆ. ಆ ಒಂದು ಕ್ಷಣ, ಅದೇ ಬಸ್ಸಿನ ಕಿಟಕಿಯಲ್ಲಿ ನಮ್ಮೂರಿನ ಪೋಸ್ಟ್ ಮಾಸ್ತರರ ಮಗ ಕೂತಿದ್ದ. ಅವನು ಅತ್ತೆಯನ್ನು ತೋರಿಸಲು ಕಿದ್ವಾಯಿಗೆ ಬಂದವನು. ನಾನು ಅವನನ್ನು ನೋಡಲಿಲ್ಲ, ಅವನು ನನ್ನನ್ನು ನೋಡಿದ. ಅಪ್ಪನ ಹುದ್ದೆಯನ್ನು ಮಗ ಬೇರೆ ರೀತಿಯಲ್ಲಿ ಮುಂದುವರಿಸಿದ.

ಸಂಜೆ ಐದಕ್ಕೆ ಮೊದಲ ಫೋನು. ಅತ್ತಿಗೆ. ಸ್ವರ ಬಹಳ ಮೆತ್ತಗಿತ್ತು. "ಊಟ ಸೇರ್ತದಾ?"

"ಸೇರ್ತದೆ. ಯಾಕೆ?"

"ಏನಿಲ್ಲ. ಧೈರ್ಯದಿಂದ ಇರು. ಈಗ ಎಲ್ಲದಕ್ಕೂ ಔಷಧಿ ಉಂಟು."

ನಾನು ಸ್ಕೂಟರಿನ ಟೈರಿಗೆ ಅಂದುಕೊಂಡು "ಹೌದು, ಇನ್ನೂರು ರೂಪಾಯಿ ತಗೊಂಡ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

ರಾತ್ರಿಯೊಳಗೆ ಊರು ಎರಡು ಪಕ್ಷವಾಯಿತು. ಎರಡು ಗೇಟಿನ ನಡುವೆ ನಿಂತದ್ದರ ಫಲ. ಮೇಲಿನಕೇರಿಯವರು ನಿಮ್ಹಾನ್ಸ್ ಪಕ್ಷ, ಅವರಿಗೆ ನಾನು ಮೊದಲಿಂದಲೂ ಸ್ವಲ್ಪ ಹಾಗೆಯೇ ಕಂಡಿದ್ದೆನಂತೆ. ಕೆಳಗಿನಕೇರಿಯವರು ಕಿದ್ವಾಯಿ ಪಕ್ಷ, ಹೋದ ದೀಪಾವಳಿಗೆ ಬಂದಾಗಲೇ ಸೊರಗಿದ್ದೆ ಅಂತ ಅವರ ವಾದ. (ಆ ದೀಪಾವಳಿಗೆ ನಾನು ನಾಲ್ಕು ತಿಂಗಳು ವಾಕಿಂಗ್ ಮಾಡಿ ಮೂರು ಕಿಲೋ ಇಳಿಸಿಕೊಂಡು ಹೋಗಿದ್ದೆ. ಒಬ್ಬರಾದರೂ ಚೆನ್ನಾಗಿ ಕಾಣ್ತೀಯ ಅನ್ನಲಿ ಅಂತ ಕಾದಿದ್ದೆ.) ದೊಡ್ಡಮ್ಮನಿಗೆ ಮಾತ್ರ ವಿವರವಾಗಿ ಹೇಳೋಣ ಅಂತ ಹೊರಟೆ.

"ದೊಡ್ಡಮ್ಮ, ಗಾಡಿ ಪಂಕ್ಚರ್ ಆಗಿತ್ತು ಅಷ್ಟೇ. ಮತ್ತೆ ನಿಮ್ಹಾನ್ಸ್ ಅಂದ್ರೆ ನೀವು ಅಂದುಕೊಂಡ ಹಾಗೆ ಬರೀ ಮನಸ್ಸಿನ ಕಾಯಿಲೆಗಲ್ಲ. ನರದ್ದು, ಫಿಟ್ಸ್, ಪಾರ್ಶ್ವವಾಯು ಎಲ್ಲ ನೋಡ್ತಾರೆ."

"ಅಯ್ಯೋ ದೇವರೇ," ದೊಡ್ಡಮ್ಮನ ಸ್ವರ ನಡುಗಿತು. "ಅದರಲ್ಲಿ ನಿಂಗೆ ಯಾವ್ದು ಮಾರಾಯ್ತಿ?"

ಎರಡು ದಿನ ಬಿಟ್ಟು ಅಮ್ಮನ ಫೋನು. "ಬಸ್ಸಿಗೆ ಒಂದು ಪಾರ್ಸೆಲ್ ಹಾಕಿದ್ದೇವೆ, ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್ಕಿಗೆ ಬರ್ತದೆ, ಕಂಡಕ್ಟರ್ ಹತ್ರ ಇಸ್ಕೋ." ಬೇಡವೆಂದರೂ ಬಸ್ಸು ಆಗಲೇ ಹೊರಟಿತ್ತು. ಬೆಳಗಿನ ಜಾವ ಆಟೊ ಹಿಡಿದು ಮೆಜೆಸ್ಟಿಕ್ಕಿಗೆ ಹೋದೆ. ಕಂಡಕ್ಟರ್ ಡಿಕ್ಕಿ ತೆಗೆದು, ಸಿಮೆಂಟ್ ಚೀಲದಲ್ಲಿ ಕಟ್ಟಿ ಬಾಳೆನಾರು ಬಿಗಿದ ಗಂಟು ಕೊಟ್ಟ. ಅಲ್ಲೇ ಬೆಂಚಿನ ಮೇಲಿಟ್ಟು ಬಿಚ್ಚಿದೆ. ಮೇಲೆ ಒಂದು ಪದರ ಒದ್ದೆ ಬಾಳೆಲೆ, ಅದರೊಳಗೆ ಬೇರು ಸಮೇತ ಒಂದೆಲಗ, ಬೇರಿನಲ್ಲಿ ನಮ್ಮ ತೋಟದ ಕೆಂಪು ಮಣ್ಣು ಇನ್ನೂ ತಣ್ಣಗಿತ್ತು. ಮೆದುಳಿಗೆ ಒಳ್ಳೆಯದು, ಮೇಲಿನಕೇರಿಯ ಪಾಲು. ಅದರ ಕೆಳಗೆ ಹಳೆಯ ಪಂಚೆಯಲ್ಲಿ ಸುತ್ತಿದ ಎರಡು ಲಕ್ಷ್ಮಣಫಲ. ಅದು ಕ್ಯಾನ್ಸರ್ ಗುಣಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಡಾಕ್ಟರುಗಳು ಎಷ್ಟು ಹೇಳಿದರೂ ಕೆಳಗಿನಕೇರಿಯವರು ಗಿಡ ನೆಡುವುದು ಬಿಟ್ಟಿಲ್ಲ. ಎರಡು ಪಕ್ಷದವರೂ ಒಂದೇ ಚೀಲದಲ್ಲಿ ಜಾಗ ಹಂಚಿಕೊಂಡಿದ್ದರು. ನಾನು ಬೆಂಚಿನ ಮೇಲೆ ಕೂತು ಒಂದೆಲಗದ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ. ತಂಬುಳಿಗೆ ಮೊಸರು ತರಬೇಕು ಅಂದುಕೊಂಡೆ. ಸ್ವಲ್ಪ ಕಣ್ಣು ಮಂಜಾಯಿತು ಅಂತಲೂ ಹೇಳಬೇಕು. ಈ ಸಲ ಧೂಳಿರಲಿಲ್ಲ.

ಕಣ್ಣು ಒರೆಸಿಕೊಂಡು ತಲೆ ಎತ್ತುತ್ತೇನೆ, ಅದೇ ಬಸ್ಸಿನಿಂದ ಕೆಳಮನೆ ಭಾವ ಇಳಿಯುತ್ತಿದ್ದಾರೆ. ಮಫ್ಲರ್ ಸುತ್ತಿದ ತಲೆ, ಒಂದು ಕೈಯಲ್ಲಿ ಚೀಲ. ಇನ್ನೊಂದು ಕೈಯಲ್ಲಿ ಎದೆಗೆ ಅವುಚಿಕೊಂಡ ದೊಡ್ಡ ಎಕ್ಸ್‌ರೇ ಕವರು, ಅದರ ಮೇಲೆ ಆಸ್ಪತ್ರೆಯ ಮುದ್ರೆ. ಕೂಸನ್ನು ಎತ್ತಿಕೊಂಡವರ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ, ಯಾರಿಗೂ ತಾಗದಂತೆ ಜನ ಬಿಡಿಸಿಕೊಂಡು ಹೋದರು. ಕೂಗಿದೆ, ಕೇಳಿಸಲಿಲ್ಲ. ಎಷ್ಟು ದೊಡ್ಡ ಕವರು! ಎದೆಯದ್ದೇ ಇರಬೇಕು. ಒಬ್ಬರೇ ಬಂದಿದ್ದಾರೆ, ಪಾಪ. ಮನೆಯಲ್ಲಿ ಹೇಳಿದ್ದಾರೋ ಇಲ್ಲವೋ.

ಫೋನು ತೆಗೆದೆ. "ಅಮ್ಮಾ, ಗಾಬರಿ ಆಗ್ಬೇಡ," ಅಂದೆ.

ಆಟೊ ಚಾಮರಾಜಪೇಟೆ ದಾಟುವಷ್ಟರಲ್ಲಿ ಅತ್ತಿಗೆ ಫೋನು ಮಾಡಿ ಎಷ್ಟು ದಿನದಿಂದ ಅಂತ ಕೇಳಿದಳು. ರಾಮಕೃಷ್ಣ ಆಶ್ರಮದ ಹತ್ತಿರ ಚಿಕ್ಕಪ್ಪ ಫೋನು ಮಾಡಿ, ತನಗೆ ಮೊದಲೇ ಅನುಮಾನ ಇತ್ತು ಅಂದರು. ಗಿರಿನಗರದ ಮನೆ ಬಾಗಿಲಲ್ಲಿ ಬೀಗ ತೆಗೆಯುತ್ತಿದ್ದಾಗ ಬಂದದ್ದು ಕೆಳಮನೆ ಅಕ್ಕನ ಫೋನು.

"ಇವರಿಗೆ ಎಂಥದೋ ಆಗಿದೆಯಂತಲ್ಲೇ? ಇಡೀ ಊರಿಗೆ ಗೊತ್ತು, ನಂಗೊಬ್ಬಳಿಗೇ ಗೊತ್ತಿಲ್ಲ!"

"ಅಕ್ಕಾ, ಅಳ್ಬೇಡಿ. ಕೈಯಲ್ಲಿ ಎಕ್ಸ್‌ರೇ ಇತ್ತು, ನಾನೇ ನೋಡಿದೆ..."

"ಯಾವ ಎಕ್ಸ್‌ರೇ?" ಅಳು ಥಟ್ಟನೆ ನಿಂತಿತು. "ಅದರಲ್ಲಿ ಹಲಸಿನ ಹಪ್ಪಳ ಮಾರಾಯ್ತಿ! ಮಗಳ ಮನೆಗೆ. ಬಸ್ಸಲ್ಲಿ ಮುರಿದು ಪುಡಿಯಾಗ್ತದೆ ಅಂತ ನಾನೇ ನನ್ನ ಮಂಡಿನೋವಿನ ಎಕ್ಸ್‌ರೇ ಕವರಿಗೆ ಹಾಕಿ ಕೊಟ್ಟದ್ದು. ನೂರು ಹಪ್ಪಳ. ನಿಂಗೂ ಇಪ್ಪತ್ತು ಇಟ್ಟಿದ್ದೇನೆ, ಹುಷಾರಿಲ್ಲ ಅಂದ್ರಲ್ಲ, ಅದಕ್ಕೆ ಖಾರ ಕಮ್ಮಿ ಹಾಕಿದ್ದು."