ಎಮ್ಮೆಗೆ 13, ಪೆಟ್ಟಿಗೆಗೆ ಮೈನಸ್ 18

ಅಫಜಲಪುರ ತಾಲೂಕಿನ ನಮ್ಮ ಕಾಕಾನ ಮನೆಯಲ್ಲಿ ಒಂದು ಮುದಿ ಎಮ್ಮೆ ಇದೆ. ಹಾಲು ಬತ್ತಿ ಎರಡು ವರ್ಷವಾಯಿತು. ಮುಂಜಾನೆ ಕಣಕಿ ತಿನ್ನುತ್ತದೆ, ಮಧ್ಯಾಹ್ನ ಭೀಮಾ ನದಿಯಲ್ಲಿ ಮೂಗಷ್ಟೇ ಮೇಲಿಟ್ಟು ಮಲಗುತ್ತದೆ. ತಾನು ಯಾರು ಅಂತ ಅದಕ್ಕೆ ಗೊತ್ತಿಲ್ಲ. ತಪ್ಪು ಅದರದಲ್ಲ, ಕಾನೂನಿಗೂ ಸರಿಯಾಗಿ ಗೊತ್ತಿಲ್ಲ.

ಎಲ್ಲರೂ ಗೋಹತ್ಯೆ ನಿಷೇಧ ಕಾಯ್ದೆ ಎಂದು ಕರೆಯುವ ನಮ್ಮ ರಾಜ್ಯದ 2020ರ ಕಾಯ್ದೆಯನ್ನೇ ನೋಡಿ. ಆಕಳು, ಕರು, ಹೋರಿ, ಎತ್ತು, ಜೊತೆಗೆ 13 ವರ್ಷ ತುಂಬದ ಎಮ್ಮೆ ಮತ್ತು ಕೋಣ, ಇವಿಷ್ಟೂ ಅದರಲ್ಲಿ ಜಾನುವಾರು. ಜಾನುವಾರಿನ ಮಾಂಸ ಬೀಫ್. ಅಂದರೆ 12 ವರ್ಷ 11 ತಿಂಗಳಿಗೆ ಕಾಕಾನ ಎಮ್ಮೆ ಬೀಫ್. 13 ದಾಟಿದರೆ ಅದೇ ಕೋಡು, ಅದೇ ಕರೀ ಮೈ, ಅದೇ ಸಿಟ್ಟು, ಆದರೆ ಬೀಫ್ ಅಲ್ಲ. ಮನುಷ್ಯನಿಗೆ 18ಕ್ಕೆ ಓಟು ಬರುತ್ತದೆ. ಎಮ್ಮೆಗೆ 13ಕ್ಕೆ ಕುಲವೇ ಬದಲು. ಊರಿಂದ ಸ್ವಲ್ಪ ದೂರಕ್ಕೇ ಮಹಾರಾಷ್ಟ್ರ. ಅವರು 2015ರಲ್ಲಿ ಹೋರಿ, ಎತ್ತುಗಳನ್ನು ನಿಷೇಧಕ್ಕೆ ಸೇರಿಸಿಕೊಂಡರು, ಎಮ್ಮೆಯನ್ನು ಬಿಟ್ಟರು. ಹೊಳೆಗೆ ಇಳಿಯುವಾಗ ನಮ್ಮ ಎಮ್ಮೆ ಗಡಿ ನೋಡಿಕೊಂಡು ಇಳಿಯಬೇಕು.

ರಫ್ತಿನ ವಿಷಯಕ್ಕೆ ಬಂದರೆ ಇನ್ನೂ ಮಜಾ. ದೆಹಲಿಯ ನಿಯಮದಲ್ಲಿ ಆಕಳು, ಎತ್ತು, ಕರುವಿನ ಮಾಂಸ ಹೊರಗೆ ಹೋಗುವಂತಿಲ್ಲ. ಹೋಗುವುದು ಮೂಳೆ ತೆಗೆದ ಎಮ್ಮೆ ಮಾಂಸ. ಕಾಗದದ ಮೇಲೂ 'ಬಫಲೋ ಮೀಟ್'. ಅದೇ ಪೆಟ್ಟಿಗೆ ಅಮೆರಿಕದ ಕೃಷಿ ಇಲಾಖೆಯ ಲೆಕ್ಕಕ್ಕೆ ಸಿಕ್ಕರೆ ಬೀಫ್! ಬ್ರೆಜಿಲ್, ಆಸ್ಟ್ರೇಲಿಯಾದ ಸಾಲಿನಲ್ಲಿ ಭಾರತದ ಹೆಸರು. ಕಲಬುರಗಿಯ ಜಗತ್ ಸರ್ಕಲ್‌ನ ಚಹಾದಂಗಡಿಯಲ್ಲಿ ಈ ಪಟ್ಟಿಯನ್ನು ಮೊಬೈಲ್‌ನಲ್ಲಿ ತೋರಿಸಿ ಒಬ್ಬರು "ನೋಡ್ರಿ, ನಾವೇ ಬೀಫ್ ಮಾರ್ತೀವಿ" ಅಂದರು. ಇನ್ನೊಬ್ಬರು ಬಸಿ ಕುಟ್ಟಿ "ಸುಳ್ಳ ಅದ" ಅಂದರು. ಇಬ್ಬರದೂ ಖರೆ. ಹಾಗಾಗಿ ಜಗಳ ಮುಗಿಯಲಿಲ್ಲ. ಚಹಾ ಮಾತ್ರ ಮುಗಿಯಿತು.

ಹೆಸರಿನ ವಿಷಯದಲ್ಲಿ ಇಷ್ಟು ತಡವರಿಸುವ ನಾವು ಆ ಮಾಂಸ ಸಾಗಿಸುವುದರಲ್ಲಿ ಎಷ್ಟು ಶಿಸ್ತು ಅಂತೀರಿ! ಮಾಂಸವನ್ನು ಒಂದು ದಿನ ಪೂರ್ತಿ 2ರಿಂದ 4 ಡಿಗ್ರಿ ತಂಪಿನಲ್ಲಿ ತೂಗುಹಾಕುತ್ತಾರೆ. ಹುಳಿ ಅಳೆಯುವ ಪಿಎಚ್ ಅಂಕಿ 6ಕ್ಕಿಂತ ಕೆಳಗೆ ಇಳಿಯುವತನಕ, ಅಂದರೆ ಮಾಂಸ ಸಾಕಷ್ಟು ಹುಳಿಯಾಗುವತನಕ, ಮುಂದಿನ ಮಾತಿಲ್ಲ. ಆ ಹುಳಿಗೆ ಕಾಲುಬಾಯಿ ಜ್ವರದ ವೈರಸ್ ತಡೆಯುವುದಿಲ್ಲ. ಆಮೇಲೆ ಮೂಳೆ ಬಿಡಿಸಿ, ಮೈನಸ್ 40ರಲ್ಲಿ ಗಟ್ಟಿ ಮಾಡಿ, ಪೆಟ್ಟಿಗೆಗೆ ತುಂಬಿ, ಮೈನಸ್ 18ರ ಕಂಟೇನರ್‌ಗೆ ಏರಿಸುತ್ತಾರೆ. ಲಾರಿಯಲ್ಲಿ ಅದಕ್ಕೆ ಜನರೇಟರ್. ಮುಂಬೈ ಪಕ್ಕದ ನವಾ ಶೇವಾ ಬಂದರಿನಲ್ಲಿ ಪ್ಲಗ್. ಹಡಗಿನಲ್ಲೂ ಪ್ಲಗ್. ದಾರಿಯುದ್ದಕ್ಕೂ ತಾಪ ಬರೆದಿಡುವ ಯಂತ್ರ ಬೇರೆ. ವಿಯೆಟ್ನಾಂ, ಮಲೇಷ್ಯಾ, ಈಜಿಪ್ಟ್ ಮುಟ್ಟುವವರೆಗೆ ಕರೆಂಟ್ ಹೋಗುವಂತಿಲ್ಲ.

ಇದನ್ನು ನಾನು ಓದಿದ್ದು ಮೇ ತಿಂಗಳಲ್ಲಿ, ಕಲಬುರಗಿಯ 43 ಡಿಗ್ರಿಯಲ್ಲಿ, ಕರೆಂಟ್ ಹೋದಾಗ. ನಮ್ಮ ಮನೆಯ ಫ್ರಿಜ್ ಬೇಸಿಗೆಯಲ್ಲಿ ಬಾಗಿಲಿರುವ ಕಪಾಟು ಅಷ್ಟೇ. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಮಾರುವ ಅವ್ವನ ಹತ್ತಿರ ಇರುವುದು ಒಂದು ತಂಬಿಗೆ ನೀರು, ಒಂದು ಒದ್ದೆ ಗೋಣಿಚೀಲ. ಹತ್ತು ನಿಮಿಷಕ್ಕೊಮ್ಮೆ ಚಿಮುಕಿಸುತ್ತಾಳೆ. ಸಂಜೆ ಆರಕ್ಕೆ ಹತ್ತು ರೂಪಾಯಿಯ ಕಟ್ಟು ಎರಡಕ್ಕೆ ಇಳಿಯುತ್ತದೆ, ಏಳಕ್ಕೆ ಆಡಿನ ಪಾಲು. ಆಡಿಗೆ ಪಿಎಚ್ ಚಿಂತೆ ಇಲ್ಲ.

ಇನ್ನೂ ಒಂದಿದೆ. ಎಮ್ಮೆ ಸತ್ತ ಮೇಲೆ ಎಸಿಯಲ್ಲಿ ಮುಂಬೈಗೆ ಹೋಗುತ್ತದೆ. ಎಮ್ಮೆ ಸಾಕಿದವನ ಮಗ ದುಡಿಯಲು ಅದೇ ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಸಂಡಾಸದ ಬಾಗಿಲಿಗೆ ಒರಗಿ ಹೋಗುತ್ತಾನೆ. ಅವನ ತಾಪವನ್ನು ಯಾವ ಯಂತ್ರವೂ ಬರೆದಿಡುವುದಿಲ್ಲ.

ಕಾಕಾಗೆ ಇದೆಲ್ಲ ಬೇಕಿಲ್ಲ. ಎಮ್ಮೆ ಮಾರಬೇಕು, ಕೊಳ್ಳುವವನಿಗೆ ವಯಸ್ಸಿನ ಕಾಗದ ಬೇಕು. ದನದ ಡಾಕ್ಟರು ಬಂದು ತುಟಿ ಎತ್ತಿ ನೋಡಿದರು. ಎಮ್ಮೆ ಐದಾರು ವರ್ಷಕ್ಕೆ ಬಾಯಿಗೂಡುತ್ತದೆ, ಅಂದರೆ ಹಲ್ಲೆಲ್ಲ ಬಂದು ಮುಗಿಯುತ್ತವೆ. ಆಮೇಲೆ ಹಲ್ಲಿನ ಸವೆತ ನೋಡಿ ಅಂದಾಜು ಹೇಳಬೇಕು, ತಿಂಗಳ ಲೆಕ್ಕ ಹೇಳಲು ಹಲ್ಲಿಗೆ ಬರುವುದಿಲ್ಲ.

"ಹನ್ನೆರಡೂ ಇರಬಹುದು, ಹದಿನಾಲ್ಕೂ ಇರಬಹುದು. ಹುಟ್ಟಿದ ತಾರೀಖು ಏನರೆ ನೆನಪದ ಏನು ಕಾಕಾ?"

ಕಾಕಾ ತನ್ನ ಆಧಾರ್ ಕಾರ್ಡ್ ತೆಗೆದು ಒಮ್ಮೆ ನೋಡಿಕೊಂಡ. ಶಾಲೆಗೆ ಸೇರಿಸುವಾಗ ಮಾಸ್ತರು ಊರಿನ ಅಷ್ಟೂ ಹುಡುಗರಿಗೆ ಬರೆದ ತಾರೀಖೇ ಅದರಲ್ಲೂ ಇದೆ.

"ಜೂನ್ 1 ಅಂತ ಬರಕೋರಿ ಸಾಹೇಬ್ರ. ನಮ್ಮ ಮನ್ಯಾಗ ಎಲ್ಲಾರೂ ಅವತ್ತೇ ಹುಟ್ಟೀವಿ."