ಮುಂದಿನ ವೈರಸ್ ಸಾಹೇಬರಿಗೆ, ತುಮಕೂರಿನಿಂದ

ಮಾನ್ಯರೇ,

ನಿಮ್ಮ ಹೆಸರು ಇನ್ನೂ ಗೊತ್ತಾಗಿಲ್ಲ. ಯಾವ ದೇಶದಿಂದ, ಯಾವ ಪ್ರಾಣಿಯ ಮೈಯಿಂದ ಹೊರಡುತ್ತೀರಿ ಅನ್ನೋದೂ ತಿಳಿದಿಲ್ಲ. ಆದರೆ ಒಂದಲ್ಲ ಒಂದು ದಿನ ಬಂದೇ ಬರುತ್ತೀರಿ ಅಂತ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಬೆಂಗಳೂರಿಗೆ ಬಂದಿಳಿದರೆ ನಮ್ಮ ತುಮಕೂರು ಬರೀ 70 ಕಿಲೋಮೀಟರ್. ಸಂಜೆ ರೈಲಿನಲ್ಲಿ ನಿಮ್ಮನ್ನು ಕರೆತರೋಕೆ ತಿಂಗಳ ಪಾಸು ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಸೀಟು ಸಿಗಲ್ಲ, ಅದೊಂದು ಅಡ್ಜಸ್ಟ್ ಮಾಡಿಕೊಳ್ಳಬೇಕು.

ಹಿಂದೆ ಬಂದಿದ್ದ ನಿಮ್ಮ ಸಂಬಂಧಿಕರು ಕೊರೊನಾ ಸಾಹೇಬರಿಗೆ ಇಲ್ಲಿನ ರೀತಿ ರಿವಾಜು ಯಾರೂ ಹೇಳಿರಲಿಲ್ಲ. ಪಾಪ, ಅವರು ಹೊತ್ತು ಗೊತ್ತಿಲ್ಲದೆ ಓಡಾಡಿದರು. ನಿಮಗೆ ಹಾಗಾಗಬಾರದು ಅಂತ ಈ ಕಾಗದ.

ಮೊದಲು ಟೈಮು ತಿಳಿದುಕೊಳ್ಳಿ. 2021ರ ಏಪ್ರಿಲ್ 10ರಿಂದ 20ರವರೆಗೆ ರಾಜ್ಯದ ಕೆಲವೇ ನಗರಗಳಲ್ಲಿ ರಾತ್ರಿ ಕರ್ಫ್ಯೂ ಹಾಕಿದರು. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ. ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿ, ಬೀದರ್, ಉಡುಪಿ, ಮಣಿಪಾಲ. ಆ ಪಟ್ಟಿಯಲ್ಲಿ ನಮ್ಮ ತುಮಕೂರೂ ಇತ್ತು! ವಿಮಾನ ನಿಲ್ದಾಣದ ಪಟ್ಟಿಯಲ್ಲಿ ಸಿಗದ ಸ್ಥಾನ ಕರ್ಫ್ಯೂ ಪಟ್ಟಿಯಲ್ಲಿ ಸಿಕ್ಕಿತು. ದೊಡ್ಡ ಊರು ಅನ್ನೋದಕ್ಕೆ ಇದಕ್ಕಿಂತ ಸರ್ಟಿಫಿಕೇಟು ಬೇಕಾ? ನಿಯಮ ನಗರಕ್ಕೆ ಮಾತ್ರ. ಗಡಿ ದಾಟಿದ ಕೂಡಲೇ ಹಳ್ಳಿ ಕಟ್ಟೆ ಮೇಲೆ ಹತ್ತೂವರೆಗೆ ಕೂತು ಹರಟೆ ಹೊಡೆಯಬಹುದಿತ್ತು. ವೈರಸ್ಸು ಗಡಿ ಕಲ್ಲು ಓದಿಕೊಂಡು ವಾಪಸ್ ತಿರುಗುತ್ತದೆ ಅಂತ ಲೆಕ್ಕ.

ಇಷ್ಟಕ್ಕೇ ನಂಬಿಬಿಡಬೇಡಿ. 2020ರ ಡಿಸೆಂಬರ್ 23ರಂದು ರಾತ್ರಿ ಕರ್ಫ್ಯೂ ಘೋಷಣೆ ಆಯ್ತು, ಅವತ್ತು ರಾತ್ರಿಯಿಂದಲೇ ಅಂದರು. ಆಮೇಲೆ ಇಲ್ಲ, 24ರಿಂದ ಅಂದರು. ಟೈಮೂ ಬದಲಾಯಿತು, 10 ಇದ್ದದ್ದು 11 ಆಯ್ತು. 24ರಂದು, ಇನ್ನೇನು ಶುರುವಾಗಬೇಕು ಅನ್ನುವಾಗ, ಕರ್ಫ್ಯೂನೇ ಇಲ್ಲ ಅಂದರು. ಶುರುವಾಗುವ ಮೊದಲೇ ಮುಗಿದ ಕರ್ಫ್ಯೂ ನಮ್ಮ ರಾಜ್ಯದ ಕೊಡುಗೆ. ಹಾಗಾಗಿ ನೀವು ಬಂದ ಕೂಡಲೇ ಟಿವಿ ಹಾಕಿಕೊಂಡು ಕೂರೋದು ಒಳ್ಳೆಯದು. ಬೆಳಗಿನ ಮಾರ್ಗಸೂಚಿ ಸಂಜೆಗೆ ಹಳಸಿರುತ್ತದೆ.

ಜನಜಂಗುಳಿ ಸಿಗುವ ಹೊತ್ತು ಬೆಳಗ್ಗೆ 6ರಿಂದ 10. 2021ರ ಏಪ್ರಿಲ್ 27ರ ರಾತ್ರಿಯಿಂದ ಲಾಕ್‌ಡೌನ್ ಹಾಕಿ, ದಿನಸಿ ತರಕಾರಿ ಅಂಗಡಿ ಅಷ್ಟು ಹೊತ್ತು ಮಾತ್ರ ಅಂತ ಮಾಡಿದರು. ದಿನವಿಡೀ ನಿಧಾನಕ್ಕೆ ಬಂದು ಹೋಗುವ ಜನರನ್ನು ನಾಲ್ಕೇ ಗಂಟೆಗೆ ತುರುಕಿದರೆ ಗುಂಪು ಕಮ್ಮಿಯಾಗುತ್ತದೆ ಅನ್ನೋ ಲೆಕ್ಕ ಯಾವ ಶಾಲೆಯಲ್ಲಿ ಕಲಿಸುತ್ತಾರೋ ಗೊತ್ತಿಲ್ಲ. ಅಂತರಸನಹಳ್ಳಿ ಮಾರುಕಟ್ಟೆ ಇರಲಿ, ಬೀದಿ ಕೊನೆಯ ದಿನಸಿ ಅಂಗಡಿ ಇರಲಿ, ಒಂಬತ್ತೂ ಮುಕ್ಕಾಲಿಗೆ ಕೊತ್ತಂಬರಿ ಕಟ್ಟಿಗೆ ನಡೆಯುವ ತಳ್ಳಾಟ ನೀವು ನೋಡಬೇಕಿತ್ತು. ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳಿದ್ದವು. ಅದರೊಳಗೆ ಚಪ್ಪಲಿ, ಕೈಚೀಲ, ಇಟ್ಟಿಗೆ ನಿಂತಿರುತ್ತಿದ್ದವು. ಅವುಗಳ ಯಜಮಾನರೆಲ್ಲ ಪಕ್ಕದ ನೆರಳಿನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತು ಸರ್ಕಾರವನ್ನು ಬೈಯುತ್ತಿದ್ದರು. ಒಟ್ಟಿನಲ್ಲಿ ಚಪ್ಪಲಿಗಳಿಗೆ ಸೋಂಕು ತಗುಲಲಿಲ್ಲ.

ಮೇ 10ರಿಂದ ಇನ್ನೂ ಬಿಗಿ ಮಾಡಿದರು. ಸಾಮಾನು ತರೋಕೆ ಗಾಡಿ ತೆಗೆಯುವ ಹಾಗಿಲ್ಲ, ನಡೆದೇ ಹೋಗಬೇಕು ಅಂದರು. ಸ್ಕೂಟರ್ ಮೇಲೆ ಒಂಟಿಯಾಗಿ ಹೋಗುವವನಿಗಿಂತ ಸಿಲಿಂಡರ್ ಹೊತ್ತು ಏದುಸಿರು ಬಿಡುತ್ತಾ ನಡೆಯುವವನು ಸೇಫು ಅಂತ. ಆಮೇಲೆ ಸಡಿಲಿಸಿದರು. ಅಷ್ಟರಲ್ಲಿ ಪೊಲೀಸರ ಕೈಗೆ ಸಿಕ್ಕಿ ಬಸ್ಕಿ ಹೊಡೆದವರು ಹೊಡೆದಾಗಿತ್ತು.

ನಿಮಗೆ ಹೊಟ್ಟೆ ತುಂಬ ಊಟ ಬೇಕಿದ್ದರೆ ಚುನಾವಣೆ ನೋಡಿಕೊಂಡು ಬನ್ನಿ. ನಮ್ಮ ಜಿಲ್ಲೆಯ ಶಿರಾದಲ್ಲಿ 2020ರ ನವೆಂಬರ್ 3ರಂದು ಉಪಚುನಾವಣೆ ನಡೆಯಿತು. ಅದಕ್ಕೆ ಒಂದು ತಿಂಗಳ ಮುಂಚೆ ರಾಜ್ಯ ಸರ್ಕಾರ ಮಾಸ್ಕ್ ಹಾಕದವರ ದಂಡವನ್ನು ನಗರಗಳಲ್ಲಿ 1,000 ರೂಪಾಯಿಗೆ ಏರಿಸಿತ್ತು. ಜನ ಬಾಯಿ ಬಡಿದುಕೊಂಡ ಮೇಲೆ ಅಕ್ಟೋಬರ್ 7ರಂದು 250ಕ್ಕೆ ಇಳಿಸಿತು. ತರಕಾರಿ ರೇಟಿನ ಹಾಗೆ ಚೌಕಾಸಿ ಮಾಡಿದರೆ ದಂಡವೂ ಇಳಿಯುತ್ತದೆ ಅಂತ ಅವತ್ತು ಗೊತ್ತಾಯಿತು. ಈಗ ನೋಡಿ. ಮಾಸ್ಕು ಗಲ್ಲಕ್ಕೆ ಜಾರಿದ ಅಂಗಡಿಯವನಿಗೆ ಟೌನ್‌ಹಾಲ್ ಸರ್ಕಲ್‌ನಲ್ಲಿ ರಸೀದಿ. ಹೆದ್ದಾರಿಯಲ್ಲಿ ಒಂದು ಗಂಟೆ ಮುಂದಕ್ಕೆ ಹೋದರೆ ಮೆರವಣಿಗೆ, ಹಾರ, ಜೈಕಾರ. ಶಿರಾದ ಮದಲೂರು ಕೆರೆಗೆ ನೀರು ತರುವ ಭರವಸೆಯನ್ನು ಮಾಸ್ಕ್ ಹಾಕಿಕೊಂಡು ಕೊಟ್ಟರೆ ಜನಕ್ಕೆ ಕೇಳಿಸಲ್ಲ ಅಲ್ವಾ? ಮದುವೆಗೆ 50 ಮಂದಿ ಅಂತ ಎಣಿಸಿ, ಸೋದರತ್ತೆಯನ್ನು ಕರೆಯದೆ ಇವತ್ತಿಗೂ ಮಾತು ಬಿಟ್ಟ ಮನೆಗಳಿವೆ. ಮದುವೆಯನ್ನು ಪ್ರಚಾರ ಸಭೆ ಅಂತ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದರೆ ಅತ್ತೆಯೂ ಬರುತ್ತಿದ್ದರು, ಬಿರಿಯಾನಿಯೂ ಬರುತ್ತಿತ್ತು.

ಸ್ನಾನದ ವ್ಯವಸ್ಥೆಯೂ ಇದೆ. ಬಂದ ಹೊಸದರಲ್ಲಿ ನಿಮ್ಮ ಹೆಸರಲ್ಲಿ ರಸ್ತೆಗೆಲ್ಲ ಔಷಧಿ ಹೊಡೆಯುತ್ತಾರೆ. ಬೀದಿ ಮೇಲೆ ಬ್ಲೀಚಿಂಗ್ ದ್ರಾವಣ ಸಿಂಪಡಿಸಿದರೆ ಪ್ರಯೋಜನ ಇಲ್ಲ, ಮಣ್ಣು ಕಸದಲ್ಲೇ ಅದರ ಶಕ್ತಿ ಹೋಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲೇ ಹೇಳಿತು. ಜನರ ಮೈಮೇಲೆ ಹೊಡೆಯಬೇಡಿ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್‌ನಲ್ಲೇ ಹೇಳಿತ್ತು. ಆದರೆ ಲಸಿಕೆ ಹಾಕೋದನ್ನು ಫೋಟೊ ತೆಗೆದರೆ ಒಂದು ತೋಳು ಕಾಣುತ್ತದೆ. ಔಷಧಿ ಹೊಡೆಯೋದನ್ನು ತೆಗೆದರೆ ಟ್ರ್ಯಾಕ್ಟರು, ಹೊಗೆ, ಮುಂದೆ ನಿಂತ ಮುಖಂಡರು ಎಲ್ಲ ಕಾಣುತ್ತಾರೆ.

ಇಲ್ಲಿ ಸ್ವಲ್ಪ ತಮಾಷೆ ನಿಲ್ಲಿಸುತ್ತೇನೆ. ನಿಮ್ಮ ಸಂಬಂಧಿಕರು ಬಂದಾಗ ಊರನ್ನು ನಿಜವಾಗಿ ಹೊತ್ತವರು ಪೌರಕಾರ್ಮಿಕರು, ನರ್ಸುಗಳು, ಮನೆ ಮನೆ ಸುತ್ತಿದ ಆಶಾ ಕಾರ್ಯಕರ್ತೆಯರು. ಅವರಿಗೆ ಹೂವು ಸುರಿದೆವು. 2020ರ ಮಾರ್ಚ್ 22ರ ಸಂಜೆ 5ಕ್ಕೆ ತಟ್ಟೆ ಬಡಿದೆವು. ಅದೇ ವರ್ಷ ಜುಲೈನಲ್ಲಿ ರಾಜ್ಯದ ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ಸುರಕ್ಷತಾ ಸಾಮಗ್ರಿ ಕೊಡಿ ಅಂತ ಮುಷ್ಕರ ಹೂಡಬೇಕಾಯಿತು. ತಟ್ಟೆ ಬಡಿಯೋದು ಫ್ರೀ. ತಟ್ಟೆಗೆ ಏನಾದರೂ ಹಾಕಬೇಕು ಅಂದಾಗ ಕಡತ ಸುಸ್ತಾಗುತ್ತದೆ.

ಈಗ ಚೇತರಿಕೆ. ಇದನ್ನು ಗಮನ ಇಟ್ಟು ಓದಿ, ಯಾಕಂದರೆ ನೀವು ಹೋದ ಮೇಲೂ ನಮ್ಮ ಜೊತೆ ಉಳಿಯೋದು ಇದೇ.

ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿದ್ದು ಬಾಟಲಿ. 2020ರ ಮೇ 4ರಂದು ಮದ್ಯದಂಗಡಿ ತೆರೆದರು. ರಾಜ್ಯದಲ್ಲಿ ಮೊದಲ ದಿನ 45 ಕೋಟಿ ರೂಪಾಯಿ ವ್ಯಾಪಾರ. ಮರುದಿನ 197 ಕೋಟಿ. ಇದಕ್ಕೆ ಅರ್ಜಿ ಇಲ್ಲ, ಆಧಾರ್ ಇಲ್ಲ, ಒಟಿಪಿ ಇಲ್ಲ. ಆ ಕ್ಯೂಗಳಲ್ಲಿ ಮಾತ್ರ ಜನ ಸುಣ್ಣದ ವೃತ್ತದೊಳಗೆ ತಾವೇ ನಿಂತರು. ಚಪ್ಪಲಿ ಬಿಟ್ಟು ಹೋಗುವ ಧೈರ್ಯ ಯಾರಿಗೂ ಬರಲಿಲ್ಲ.

ಕ್ಷೌರಿಕರು, ಅಗಸರು, ಆಟೋ ಓಡಿಸುವವರಿಗೆ ಆ ವಾರವೇ ತಲಾ 5,000 ರೂಪಾಯಿ ಅಂತ ಘೋಷಣೆ ಆಯ್ತು. ಆಟೋದವರು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಹಾಕೋಕೆ ಸೈಬರ್ ಸೆಂಟರ್‌ಗೆ ಹೋಗಬೇಕು. ಸೈಬರ್ ಸೆಂಟರ್‌ಗೆ ಹೋಗೋಕೆ ಆಟೋ ಹಿಡಿಯಬೇಕು. 2021ರ ಮೇನಲ್ಲಿ ಎರಡನೇ ಪ್ಯಾಕೇಜು, 1,250 ಕೋಟಿಯದು. ಆಟೋದವರಿಗೆ 3,000, ಕ್ಷೌರಿಕರಿಗೆ 2,000. ಬೀದಿಬದಿ ವ್ಯಾಪಾರಿಗಳಿಗೂ 2,000, ಆದರೆ ನೋಂದಣಿ ಆಗಿದ್ದರೆ ಮಾತ್ರ. ಎರಡನೇ ಅಲೆ ಮೊದಲನೆಯದಕ್ಕಿಂತ ದೊಡ್ಡದಿತ್ತು, ಪರಿಹಾರ ಚಿಕ್ಕದಾಯಿತು. ಸಾಹೇಬರೇ, ನೀವು ಮೂರನೇ ಸಲ ಬಂದರೆ ನಾವೇ ಏನಾದರೂ ಕಟ್ಟಬೇಕಾಗಬಹುದು.

ಮುಚ್ಚೋಕೆ ಯಾರೂ ಅರ್ಜಿ ಹಾಕಿರಲಿಲ್ಲ. 2020ರ ಮಾರ್ಚ್ 24ರಂದು ರಾತ್ರಿ ಎಂಟಕ್ಕೆ ಭಾಷಣ, ಹನ್ನೆರಡಕ್ಕೆ ದೇಶ ಬಂದ್. ನಾಲ್ಕೇ ಗಂಟೆ. ತೆರೆಯೋಕೆ ಮಾತ್ರ ಫಾರಂ ಬೇಕು. ತಳ್ಳುಗಾಡಿಯವರ ವಿಷಯದಲ್ಲಿ ಇದನ್ನು ನೋಡಬೇಕು ನೀವು. ಕೇಂದ್ರ ಸರ್ಕಾರ ಅದೇ ವರ್ಷ ಜೂನ್‌ನಲ್ಲಿ ಸ್ವನಿಧಿ ಅಂತ ಯೋಜನೆ ತಂದಿತು. 10,000 ರೂಪಾಯಿ ಸಾಲ, ಅಡಮಾನ ಬೇಡ, ಒಂದು ವರ್ಷದಲ್ಲಿ ತೀರಿಸಬೇಕು. ನೆನಪಿಡಿ, ಸಾಲ. ಊರು ಮುಚ್ಚಿದವರು ಅವರು, ಕಂತು ಕಟ್ಟಬೇಕಾದವರು ಇವರು. 2020ರ ಮಾರ್ಚ್ 24ಕ್ಕೋ ಅದಕ್ಕೂ ಮೊದಲೋ ವ್ಯಾಪಾರ ಮಾಡುತ್ತಿದ್ದರು ಅಂತ ಗೊತ್ತಾಗಬೇಕಿತ್ತು. ಅದಕ್ಕೆ ಸ್ಥಳೀಯ ಸಂಸ್ಥೆಯ ಗುರುತಿನ ಚೀಟಿ ಬೇಕು. ಅದಿಲ್ಲದಿದ್ದರೆ ಶಿಫಾರಸು ಪತ್ರ.

ಒಬ್ಬ ತರಕಾರಿ ಅಜ್ಜಿ ಅಂತ ಇಟ್ಟುಕೊಳ್ಳಿ. ಕಥೆಗೆ ಅಷ್ಟೇ. ಇಂಥ ಅಜ್ಜಿ ಯಾವ ಊರಿನಲ್ಲಾದರೂ ಸಿಗುತ್ತಾರೆ, ಇಂಥ ಕೌಂಟರೂ ಸಿಗುತ್ತದೆ.

"ಅಜ್ಜಿ, ಮಾರ್ಚ್‌ಗೆ ಮುಂಚೆ ನೀವು ಅಲ್ಲೇ ವ್ಯಾಪಾರ ಮಾಡ್ತಿದ್ರಿ ಅನ್ನೋಕೆ ದಾಖಲೆ ಏನಿದೆ?"

"ಸಂಕ್ರಾಂತಿ ಮುಂದೆ ನಿಮ್ಮೋರೇ ಗಾಡಿ ತಂದು ನನ್ ತಕ್ಕಡಿ ಎತ್ತಾಕ್ಕೊಂಡು ಹೋದ್ರಲ್ಲ ಸಾಮಿ. ಅದ್ಕಿಂತ ದಾಖಲೆ ಬೇಕಾ?"

"ಅದಕ್ಕೆ ರಸೀದಿ ಇದೆಯಾ?"

"ಕೊಟ್ಟಿದ್ರೆ ತಾನೆ?"

ಅಜ್ಜಿ ಹೇಳಿದ್ದು ಸರಿಯಾಗಿಯೇ ಇದೆ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಸಾಮಾನು ಎತ್ತಿದರೆ ಪಟ್ಟಿ ಬರೆದು, ಸಹಿ ಹಾಕಿ ಕೊಡಬೇಕು. ಕೊಳೆಯುವ ಸರಕನ್ನು ಅದೇ ದಿನ ವಾಪಸ್ ಕೊಡಬೇಕು. ಬೇರೆ ಕಡೆ ಕಳಿಸಬೇಕಾದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಸಮೀಕ್ಷೆ ಮುಗಿಯೋವರೆಗೆ ಎಬ್ಬಿಸುವ ಹಾಗೇ ಇಲ್ಲ. ಕಾಯ್ದೆ ಚೆನ್ನಾಗಿದೆ. ಅದನ್ನು ಲಾರಿಯಲ್ಲಿ ಬರುವವರಿಗೂ ಯಾರಾದರೂ ಓದಿ ಹೇಳಿದರೆ ಇನ್ನೂ ಚೆನ್ನಾಗಿರುತ್ತದೆ.

ಸರಿ, ಹೇಗೋ ಪತ್ರ ಸಿಕ್ಕಿತು, ಬ್ಯಾಂಕಿನವರು ಸಾಲ ಕೊಟ್ಟರು ಅಂತಲೂ ಇಟ್ಟುಕೊಳ್ಳಿ. ಜೊತೆಗೆ ಕ್ಯುಆರ್ ಕೋಡ್ ಬರುತ್ತದೆ. ಡಿಜಿಟಲ್ ಆಗಿ ದುಡ್ಡು ತಗೊಂಡರೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್. ಅಂಟಿಸೋಣ ಅಂದರೆ ತಕ್ಕಡಿ ಇಲ್ಲ. ಕೂರೋಣ ಅಂದರೆ ಜಾಗ ಇಲ್ಲ. 2016ರಲ್ಲೇ ನಮ್ಮದು ಸ್ಮಾರ್ಟ್ ಸಿಟಿ ಪಟ್ಟಿ ಸೇರಿದೆ. ಫುಟ್‌ಪಾತು ಈಗ ನಡೆಯೋಕೆ ಅಂತ ಆಗಿದೆ. ಯಾರು ನಡೆಯುತ್ತಾರೆ ಅಂತ ಕೇಳಬೇಡಿ, ಅಲ್ಲಿ ಬೈಕು ನಿಲ್ಲಿಸಿರುತ್ತಾರೆ. ಅಜ್ಜಿ ಒಂದು ಇಲಾಖೆಯ ಕಡತದಲ್ಲಿ ಫಲಾನುಭವಿ. ಅದೇ ಕಟ್ಟಡದ ಇನ್ನೊಂದು ಕೋಣೆಯ ಕಡತದಲ್ಲಿ ಒತ್ತುವರಿ. ನಡುವೆ ಇರೋದು ಒಂದು ಗೋಡೆ, ಒಂದು ನೀರಿನ ಫಿಲ್ಟರು. ಎರಡೂ ಕೋಣೆಯವರು ಬಾಟಲಿ ತುಂಬಿಸಿಕೊಳ್ಳೋಕೆ ಅಲ್ಲೇ ಬರುತ್ತಾರೆ. ಅಜ್ಜಿ ವಿಷಯ ಬಿಟ್ಟು ಎಲ್ಲಾ ಮಾತಾಡುತ್ತಾರೆ.

ಒಂದು ಒಳ್ಳೆ ಸುದ್ದಿ ಇದೆ. 2025ರ ಆಗಸ್ಟ್‌ನಲ್ಲಿ ಸ್ವನಿಧಿಯನ್ನು 2030ರ ಮಾರ್ಚ್ 31ರವರೆಗೆ ಮುಂದುವರಿಸಿದ್ದಾರೆ. ಮೊದಲ ಸಾಲ 15,000 ಆಗಿದೆ. ಆದ್ದರಿಂದ ಸಾಹೇಬರೇ, ಬರೋದೇ ಆದರೆ ಆ ತಾರೀಖಿನೊಳಗೆ ಬಂದುಬಿಡಿ. ಆಮೇಲೆ ಬಂದರೆ ಹೊಸ ಯೋಜನೆ, ಹೊಸ ಫಾರಂ, ಹೊಸ ಶಿಫಾರಸು ಪತ್ರ ಅಂತ ಶುರುವಾಗುತ್ತದೆ. ಅಜ್ಜಿ ಹತ್ತಿರ ಹಳೇ ಜೆರಾಕ್ಸ್ ಇನ್ನೂ ಒಂದು ಕಟ್ಟು ಮಿಕ್ಕಿದೆ. ಸುಮ್ನೆ ಯಾಕೆ ವೇಸ್ಟ್ ಮಾಡೋದು?

ಇತಿ,
ಎರಡು ಡೋಸ್ ಹಾಕಿಸಿಕೊಂಡ ತುಮಕೂರಿನವನು