ಬಣ್ಣ ಬಳಿದ್ರೆ ಆಗಲ್ಲ, ಟ್ರ್ಯಾಕ್ ಬದ್ಲಾಯಿಸ್ಬೇಕು

ಅಮ್ಯೂಸ್‌ಮೆಂಟ್ ಪಾರ್ಕಿನ ಹಳೇ ರೈಡೆಲ್ಲಾ ಕಿತ್ತಾಕಿ ಹೊಸದು ಹಾಕಿ ಅಂತ ಬರ್ದಿದೀರಲ್ಲ, ನಾನಂತೂ ಒಪ್ಪಲ್ಲ. ಕ್ಯಾಲಿಫೋರ್ನಿಯಾ ಡಿಸ್ನಿಲ್ಯಾಂಡಲ್ಲಿ 1977ರ ಸ್ಪೇಸ್ ಮೌಂಟನ್ (ಕತ್ತಲಲ್ಲಿ ಓಡೋ ರೋಲರ್ ಕೋಸ್ಟರ್) ರೈಡ್ನ 2003ರಲ್ಲಿ ಮುಚ್ಚಿ, ಟ್ರ್ಯಾಕ್ ಪೂರ್ತಿ ಹೊಸದಾಗಿ ಹಾಕಿ, ಆದ್ರೆ ಅದೇ ತಿರುವು ಅದೇ ಇಳಿಜಾರು ಇಟ್ಕೊಂಡು 2005ರಲ್ಲಿ ತೆರೆದ್ರು, ಜನ ಇವತ್ತಿಗೂ ಕ್ಯೂ ನಿಲ್ತಾರೆ. ಫ್ಲೋರಿಡಾ ಡಿಸ್ನಿ ಪಾರ್ಕಲ್ಲಿ ಟಿಕಿ ರೂಮ್ ಅಂತ ಹಾಡೋ ಯಂತ್ರದ ಹಕ್ಕಿಗಳ ಶೋನ 1998ರಲ್ಲಿ ಜೋಕ್ ಗೀಕ್ ಸೇರ್ಸಿ ಬದ್ಲಾಯಿಸಿದ್ರು, 2011ರಲ್ಲಿ ಬೆಂಕಿ ಬಿದ್ಮೇಲೆ ವಾಪಸ್ ಹಳೇ ಶೋನೇ ತಂದ್ರು (ಸ್ವಲ್ಪ ಚಿಕ್ಕದು ಮಾಡಿ)!

ನಾವು ಡೊಂಬಿವಲಿ ಕನ್ನಡದವ್ರು, ಚಿಕ್ಕಂದಲ್ಲಿ ಊರಿಂದ ಯಾರೇ ಬರ್ಲಿ, ಬುತ್ತಿ ಕಟ್ಕೊಂಡು ಲೋಕಲ್ ಹಿಡ್ದು ಬೋರಿವಲಿ, ಅಲ್ಲಿಂದ ದೋಣೀಲಿ ಗೊರಾಯಿ ಖಾಡಿ (ಸಮುದ್ರದ ಹಿನ್ನೀರು) ದಾಟಿ ಎಸ್ಸೆಲ್ ವರ್ಲ್ಡ್ ಪಾರ್ಕು. ನಮ್ಮಜ್ಜಿಗೆ ರೈಡಿಗಿಂತ ದೋಣೀನೇ ಇಷ್ಟ. ಈಗ ಆ ಪಾರ್ಕೂ ಮುಚ್ಚಿದೆ, ಮಕ್ಕಳನ್ನ ದೂರದ ಖೋಪೋಲಿ ಪಾರ್ಕಿಗೇ ಕರ್ಕೊಂಡ್ ಹೋಗ್ಬೇಕು. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ಎಷ್ಟ್ ಬೇಗ ತುಕ್ಕು ಹಿಡಿಯತ್ತೆ ಅಂತ ಮುಂಬೈಯವ್ರಿಗೆ ಹೇಳ್ಬೇಕಾ, ನಮ್ಮನೆ ಕಿಟಕಿ ಗ್ರಿಲ್ಲೇ ಸಾಕ್ಷಿ. ಅದಕ್ಕೇ ಹೇಳಿದ್ದು, ತುಕ್ಕಿನ ಮೇಲೆ ಬಣ್ಣ ಬಳಿದ್ರೆ ಆಗಲ್ಲ, ಟ್ರ್ಯಾಕ್ ಹೊಸದು ಹಾಕಿ, ರೈಡ್ ಮಾತ್ರ ಹಳೇದೇ ಇರ್ಲಿ.